ಪಾಳಿ ಬಿಟ್ಟು ಎತ್ತಿದ ಡಬ್ಬಿ

ಮೊನ್ನೆ ಅಟ್ಟ ಸ್ವಚ್ಛ ಮಾಡಲು ಹತ್ತಿದ್ದ ಸೊಸೆ ಮೇಲಿನಿಂದ ಒಂದು ತಗಡಿನ ಡಬ್ಬಿಯನ್ನು ನನ್ನ ಕೈಗೆ ಇಳಿಸಿದಳು. ಖಾಲಿ ಡಬ್ಬಿ. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಚಮಚದ ಹಿಡಿಯಿಂದ ಮೀಟಿ ತೆಗೆದೆ. ಒಳಗಿನಿಂದ ಎದ್ದ ವಾಸನೆ ಮೂಗಿಗೆ ಬಡಿಯಿತು ನೋಡಿ, ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಬಿತ್ತನೆಯ ಬೀಜಕ್ಕೆ ಹಚ್ಚುವ ಔಷಧದ ವಾಸನೆ ಅದು. ಇಷ್ಟು ವರ್ಷಗಳಾದರೂ ಡಬ್ಬಿಯ ತಳದ ಮೂಲೆಗಳಲ್ಲಿ ಗುಲಾಬಿ ಬಣ್ಣದ ಪುಡಿ ಹಾಗೇ ಕೂತಿತ್ತು.

"ತುಕ್ಕು ಹಿಡದೈತ್ರಿ ಅತ್ತಿ, ಗುಜರಿ ಮೋಡಕಾದವಗ ಹಾಕೂಣೇನ್ರಿ?" ಎಂದಳು ಸೊಸೆ.

ಬೇಡ ಎಂದೆ. ಯಾಕೆ ಬೇಡ ಎಂದು ಅವಳು ಕೇಳಲಿಲ್ಲ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ. ಈ ಡಬ್ಬಿಯ ಸಂಗತಿಯನ್ನು ನಮ್ಮ ಮನೆಯವರಿಗೇ ಪೂರ್ತಿ ಹೇಳಿಲ್ಲ ನಾನು...

ಮುನವಳ್ಳಿಯ ನಮ್ಮ ಓಣಿಯ ತುದಿಗೆ ಒಂದು ಹಿಟ್ಟಿನ ಗಿರಣಿ ಇತ್ತು. ಅದನ್ನು ನಡೆಸುತ್ತಿದ್ದವರನ್ನು ಸಣ್ಣವರು ದೊಡ್ಡವರು ಎಲ್ಲರೂ ಗಿರಣಿ ಕಾಕಾ ಎಂದೇ ಕರೆಯುತ್ತಿದ್ದರು. ನಾನು ಚಚಡಿಯಿಂದ ಸೊಸೆಯಾಗಿ ಬಂದ ಮೊದಲ ವಾರವೇ ನಮ್ಮ ಅತ್ತೆ ಡಬ್ಬಿ ಹೊರಿಸಿ ಕಳಿಸಿದ್ದು ಅಲ್ಲಿಗೆ. ತೆಳ್ಳಗಿನ ಮನುಷ್ಯ. ಮೊದಲು ಯಾವ ಬಣ್ಣದ ಅಂಗಿ ತೊಟ್ಟಿರುತ್ತಿದ್ದರೋ ಏನೋ, ಹತ್ತು ಗಂಟೆಯ ಹೊತ್ತಿಗೆ ಅಂಗಿ, ಹುಬ್ಬು, ಕಿವಿಯ ಕೂದಲು ಎಲ್ಲ ಹಿಟ್ಟಿನ ಬಣ್ಣವೇ. ಅವರಿಗೂ ಅವರ ಹೆಂಡತಿ ಕಾಕುಗೂ ಮಕ್ಕಳಿರಲಿಲ್ಲ. ಅದು ಊರಿಗೆಲ್ಲ ಗೊತ್ತಿದ್ದ ಮಾತು. ಇದನ್ನು ಈಗಲೇ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಇದು ಬೇಕಾಗುತ್ತದೆ.

ಅವರ ಕೈಯಲ್ಲಿ ಒಂದು ಹದ ಇತ್ತು. ಕಲ್ಲಿನಿಂದ ಬಿಸಿ ಹಿಟ್ಟು ಬಟ್ಟೆಯ ಕೊಳವೆಯಲ್ಲಿ ಇಳಿಯುವಾಗ ಕೈ ಒಡ್ಡಿ ಒಂದು ಚಿಟಿಕೆ ಹಿಡಿಯುತ್ತಿದ್ದರು. ಹೆಬ್ಬೆರಳು, ತೋರುಬೆರಳ ನಡುವೆ ಅದನ್ನು ತಿಕ್ಕಿ, ಕಣ್ಣು ಮುಚ್ಚಿ, ಕಲ್ಲಿನ ಬಿಗಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ಮತ್ತೆ ಒಂದು ಚಿಟಿಕೆ. ಅಷ್ಟೇ. ಆ ಹಿಟ್ಟು ನಾದಿದರೆ ಜಿಗಿ ಬರುತ್ತಿತ್ತು, ಬಡಿದರೆ ಅಂಚು ಬಿರಿಯುತ್ತಿರಲಿಲ್ಲ. ನಾನು ಖಡಕ್ ರೊಟ್ಟಿ ಮಾಡಿ ಮಾರುವವಳು. ಸವದತ್ತಿ, ಬೈಲಹೊಂಗಲದ ಖಾನಾವಳಿಗಳಿಗೆ ನನ್ನ ರೊಟ್ಟಿ ಹೋಗುತ್ತಿದ್ದವು. ಮಂದಿ ನನ್ನ ಕೈಯನ್ನು ಹೊಗಳುತ್ತಿದ್ದರು. ಕೈ ನನ್ನದಲ್ಲ, ಕಾಕಾನದು ಎಂಬುದು ನನಗೆ ಗೊತ್ತಿತ್ತು, ಆದರೆ ಹೊಗಳಿಕೆಯನ್ನು ನಾನೇ ಇಟ್ಟುಕೊಳ್ಳುತ್ತಿದ್ದೆ.

ಅವರಿಗೊಂದು ಕೆಮ್ಮೂ ಇತ್ತು. ಒಣ ಕೆಮ್ಮು. ಬಂದರೆ ಬಿಡದು. ಗಿರಣಿಯ ಕಂಬ ಹಿಡಿದು ಬಾಗಿ, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತುಂಬಿಕೊಂಡು, ಕೊನೆಗೆ ನಮ್ಮ ಕಡೆ ತಿರುಗಿ ನಗುತ್ತಿದ್ದರು. "ಹಿಟ್ಟಿನ ಕೆಮ್ಮವಾ ಇದು. ಗಿರಣಿ ಇರೂ ಮಟಾ ನಾ, ನಾ ಇರೂ ಮಟಾ ಇದು," ಎನ್ನುತ್ತಿದ್ದರು. ನಾವೂ ನಗುತ್ತಿದ್ದೆವು. ಅಡುಗೆ ಮನೆಯಲ್ಲಿ ಕುಳಿತೇ, ಕಾಕಾ ಗಿರಣಿ ತೆಗೆದರು ಎಂಬುದು ಆ ಕೆಮ್ಮಿನಿಂದಲೇ ನಮಗೆ ತಿಳಿಯುತ್ತಿತ್ತು. ಗಿರಣಿ ತಿರುಗಿಸುವ ಪಟ್ಟಾದ ಸದ್ದು ಆಮೇಲೆ, ಕೆಮ್ಮು ಮೊದಲು.

ಆಮೇಲೆ ಕರೋನಾ ಬಂತು.

ಬಂತು ಎನ್ನುವುದೂ ಸುಳ್ಳೇ. ನಮ್ಮೂರಿಗೆ ರೋಗ ಬಂದದ್ದು ಬಹಳ ತಡವಾಗಿ. ಮೊದಲು ಬಂದದ್ದು ಫೋನು. ಬೆಳಗ್ಗೆ ಎದ್ದರೆ ಎಲ್ಲರ ಕೈಯಲ್ಲೂ ಅದೇ. ಯಾವುದೋ ಊರಲ್ಲಿ ನಿಂತ ನಿಂತಲ್ಲೇ ಬಿದ್ದವರ ವಿಡಿಯೋ, ಹಾಲಿನ ಪಾಕೀಟು ತೊಳೆಯುವ ವಿಡಿಯೋ, ಇಂಥವರಿಂದ ದೂರ ಇರಿ ಎನ್ನುವ ವಿಡಿಯೋ. ಊರ ದಾರಿಗೆ ಜಾಲಿಮುಳ್ಳು ಬಿತ್ತು. ಬಾಗಿಲಿಗೆ ಬೇವು ಕಟ್ಟಿದೆವು. ಹೂಲಿಯಿಂದ ಮೊಸರು ಹೊತ್ತು ತರುತ್ತಿದ್ದ ಮುದುಕಿಗೆ, ನಾಲ್ಕು ದಿನ ಬರಬೇಡ ಎಂದು ನಾವೇ ಹೇಳಿದೆವು. ಆಕೆ ಗಡಿಗೆಯನ್ನು ತಲೆಯಿಂದ ಇಳಿಸದೆ ಹಾಗೇ ತಿರುಗಿ ಹೋದಳು, ಮತ್ತೆ ಬರಲೇ ಇಲ್ಲ. ಆಗ ನನಗೇನೂ ಅನ್ನಿಸಲಿಲ್ಲ. ಅನ್ನಿಸಲಿಲ್ಲ ಎಂಬುದು ಈಗ ಅನ್ನಿಸುತ್ತದೆ.

ಗಿರಣಿಗೆ ಮಾತ್ರ ಬೆಳಗ್ಗೆ ಮೂರು ತಾಸು ತೆರೆಯಲು ಪರವಾನಗಿ ಇತ್ತು. ಮುಂದೆ ರಸ್ತೆಯ ಮೇಲೆ ಸುಣ್ಣದ ಗುಂಡುಗೆರೆ ಹಾಕಿದ್ದರು. ಒಂದೊಂದರಲ್ಲಿ ಒಬ್ಬೊಬ್ಬರು, ಕಾಲ ಬಳಿ ಡಬ್ಬಿ. ಇಪ್ಪತ್ತು ವರ್ಷ ಒಬ್ಬರ ಹೆಗಲಿಗೆ ಒಬ್ಬರು ಹೆಗಲು ತಾಗಿಸಿ ಊರ ಸುದ್ದಿಯನ್ನೆಲ್ಲ ಬೀಸಿದ ಹೆಂಗಸರು ನಾವು. ಈಗ ಗೆರೆಯೊಳಗೆ ನಿಂತು ಮೂಗಿನ ಮೇಲಿನ ಸೆರಗಿನಿಂದಾಚೆ ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ಒಬ್ಬಳು ಸೆರಗು ಬಿಗಿ ಮಾಡಿದರೆ ಎಲ್ಲರ ಕೈಯೂ ಸೆರಗಿಗೆ ಹೋಗುತ್ತಿತ್ತು. ಒಬ್ಬಳು ಹಿಂದೆ ಸರಿದರೆ ಸಾಲೇ ಹಿಂದೆ ಸರಿಯುತ್ತಿತ್ತು. ಯಾರು ಮೊದಲು ಅಂಜುತ್ತಾರೋ ನೋಡೋಣ ಎಂದು ಎಲ್ಲರೂ ಕಾದಂತೆ ಇತ್ತು.

ಮೊದಲು ತಕರಾರು ಹುಟ್ಟಿದ್ದು ಕಾಕಾನ ಚಿಟಿಕೆಯ ಮೇಲೆ. ಎಲ್ಲರ ಹಿಟ್ಟಿಗೂ ಅದೇ ಕೈ ಹತ್ತುತ್ತದಲ್ಲ ಎಂದು ಯಾರೋ ಅಂದರು. ಓಣಿಯ ಹಿರಿಯರೊಬ್ಬರು ಒಂದು ಜೊತೆ ರಬ್ಬರ್ ಕೈಗವಸು ತಂದುಕೊಟ್ಟು, ಹಾಕಿಕೊಂಡೇ ಬೀಸಬೇಕೆಂದು ತಾಕೀತು ಮಾಡಿದರು. ಕಾಕಾ ಎದುರಾಡಲಿಲ್ಲ, ಹಾಕಿಕೊಂಡರು. ಹಿಟ್ಟು ಕೆಟ್ಟಿತು. ತರಿ ತರಿ. ನಾದಿದರೆ ಕೂಡದು, ಬಡಿದರೆ ಹಂಚಿಗೆ ಹೋಗುವ ಮೊದಲೇ ಬಿರಿಯುವುದು. ಖಾನಾವಳಿಗಳು ಮುಚ್ಚಿದ್ದರೂ ಆಗ ಸವದತ್ತಿಯಲ್ಲಿ ಊರಿಗೆ ಹೋಗಲಾರದೆ ಸಿಕ್ಕಿಬಿದ್ದ ಕೂಲಿಯವರಿಗೆ ಊಟ ಕೊಡುತ್ತಿದ್ದ ಒಬ್ಬರು ನನ್ನಿಂದ ದಿನಾ ರೊಟ್ಟಿ ಒಯ್ಯುತ್ತಿದ್ದರು. ಅರ್ಧಕ್ಕರ್ಧ ರೊಟ್ಟಿಗಳು ಮುರಿದು ಪುಡಿಯಾಗತೊಡಗಿದಾಗ ನನ್ನ ತಲೆ ಕೆಟ್ಟಿತು. ನನ್ನ ಬಾಯಿಯೋ, ಮೊದಲೇ ಜೋರು.

"ಕಾಕಾ, ಇದು ಹಿಟ್ಟೇನ್ರಿ, ಹೊಳಿ ಉಸುಕೇನ್ರಿ?" ಎಂದು ಸಾಲಿನಲ್ಲಿ ನಿಂತೇ ಕೂಗಿದೆ.

"ಕೈಗೆ ಗೊತ್ತಾಗವಲ್ದು ತಂಗಿ. ಈ ರಬ್ಬರ್ ಹಾಕ್ಕೊಂಡ್ರ ಬೆರಳು ಕುರುಡ ಆಗತಾವ."

"ಹಂಗಾರ ತೆಗದು ಒಗೀರಿ ಅತ್ಲಾಗ!"

ತೆಗೆದು ಎಸೆಯಿರಿ ಎಂದವಳು ನಾನೇ. ಇದನ್ನು ನೆನಪಿಡಬೇಕು ನೀವು.

ಮರುದಿನ ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಗೆರೆಗಳೆಲ್ಲ ತುಂಬಿದ್ದವು. ಎಂಟು ಹತ್ತು ಮಂದಿ ಇದ್ದರು. ಹಿಂದಿನ ದಿನವೇ ಪಾಳಿ ಹೇಳಿ ಹೋಗಿದ್ದೆನಾದ್ದರಿಂದ ನನ್ನದು ಎರಡನೆಯದು. ಕಾಕಾ ನನ್ನನ್ನು ನೋಡಿ ಬರಿಗೈಯನ್ನು ಎತ್ತಿ ತೋರಿಸಿ ನಕ್ಕರು. ರಬ್ಬರ್ ಕೈಗವಸು ಕಂಬದ ಮೊಳೆಗೆ ನೇತಾಡುತ್ತಿತ್ತು. ನನ್ನ ಮುಂದಿದ್ದವರ ಜೋಳ ಬೀಳುತ್ತಿತ್ತು. ಕಾಕಾ ಕೈ ಒಡ್ಡಿ ಚಿಟಿಕೆ ಹಿಡಿದು, ತಿಕ್ಕಿ, ಕಲ್ಲು ಬಿಗಿ ಮಾಡಿದರು. ಕಲ್ಲಿನ ದನಿಯೇ ಬದಲಾಯಿತು. ಹಿಟ್ಟು ನುಣ್ಣಗಾಯಿತು. ನನಗೆ ಖುಷಿಯೋ ಖುಷಿ. ಪಾಳಿ ಬಂತೆಂದು ಬಗ್ಗಿ ನನ್ನ ಡಬ್ಬಿಯ ಮುಚ್ಚಳ ಎತ್ತಿದೆ.

ಗುಲಾಬಿ ಬಣ್ಣ.

ನಮ್ಮ ಮನೆಯಲ್ಲಿ ಒಂದೇ ಅಳತೆಯ ಎರಡು ಡಬ್ಬಿ ಇದ್ದವು. ಒಂದರಲ್ಲಿ ಉಣ್ಣುವ ಜೋಳ, ಇನ್ನೊಂದರಲ್ಲಿ ಬಿತ್ತಿ ಉಳಿದ, ಔಷಧ ಹಚ್ಚಿದ ಬೀಜದ ಜೋಳ. ಗಡಿಬಿಡಿಯಲ್ಲಿ ನಾನು ಹೊತ್ತು ತಂದದ್ದು ಬೀಜದ್ದು. ಇನ್ನೊಂದು ಗಳಿಗೆ ತಡೆದಿದ್ದರೆ ಅದು ಕಲ್ಲಿಗೆ ಬೀಳುತ್ತಿತ್ತು. ನನ್ನ ರೊಟ್ಟಿಯಷ್ಟೇ ಅಲ್ಲ. ಒಬ್ಬರ ಹಿಟ್ಟು ಕಲ್ಲಿನಲ್ಲಿ ಒಂದಿಷ್ಟು ಉಳಿದು ಮುಂದಿನವರ ಡಬ್ಬಿಗೆ ಹೋಗುತ್ತದಲ್ಲ, ಗಿರಣಿಯ ರೀತಿಯೇ ಹಾಗೆ. ಓಣಿಗೆ ಓಣಿಯೇ ವಿಷ ಉಣ್ಣುತ್ತಿತ್ತು.

ಅದೇ ಹೊತ್ತಿಗೆ ಕಾಕಾಗೆ ಕೆಮ್ಮು ಬಂತು. ಕಂಬ ಹಿಡಿದು ಬಾಗಿದರು. ಬಿಡಲೊಲ್ಲದು. ಗೆರೆಗಳಲ್ಲಿ ನಿಂತವರೆಲ್ಲ ಕಲ್ಲಾದರು. ನಾನು ಮುಚ್ಚಳವನ್ನು ಧಪ್ಪನೆ ಒತ್ತಿ, ಡಬ್ಬಿಯನ್ನು ಸೊಂಟಕ್ಕೆ ಏರಿಸಿ, ತಿರುಗಿ ನಡೆದೆ. ಒಂದು ಮಾತು ಆಡಲಿಲ್ಲ.

"ಯಾಕ ತಂಗಿ?" ಕಾಕಾ ಕೆಮ್ಮಿನ ನಡುವೆಯೇ ಕೂಗಿದರು. "ಪಾಳಿ ನಿಂದ ಐತಲ್ಲ?"

ಕೇಳಿಸಿತು. ಕೇಳಿಸಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಕೇಳಿಸಿತು.

ಓಣಿಯ ತಿರುವಿನ ಹತ್ತಿರ ಬಂದಾಗ ಹಿಂದೆ ತಗಡಿನ ಸದ್ದು. ಒಂದು ಡಬ್ಬಿ ಎತ್ತಿದ ಸದ್ದು, ಆಮೇಲೆ ಇನ್ನೊಂದು, ಆಮೇಲೆ ಒಟ್ಟಿಗೆ ನಾಲ್ಕೈದು. ತಿರುಗಿ ನೋಡಿದೆ. ಸುಣ್ಣದ ಗೆರೆಗಳೆಲ್ಲ ಖಾಲಿ. ಕಾಕಾ ಒಬ್ಬರೇ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಪಟ್ಟಾ ತಿರುಗುತ್ತಲೇ ಇತ್ತು...

ಡಬ್ಬಿ ಬದಲಿಸಿಕೊಂಡು ವಾಪಸು ಹೋಗುವವಳೇ ಇದ್ದೆ. ದೇವರಾಣೆ. ಸರಿಯಾದ ಡಬ್ಬಿ ಎತ್ತಿ ಹೊಸ್ತಿಲಿಗೆ ಬಂದೂ ಬಂದೆ. ಅಲ್ಲಿ ಪಕ್ಕದ ಮನೆಯಾಕೆ ನಿಂತಿದ್ದಳು. "ಚಲೋ ಮಾಡಿದಿ ಬಿಡವಾ," ಎಂದಳು. "ನಾವೆಲ್ಲಾ ಹೆಂಗಪಾ ಅನ್ನೋದರಾಗ ಇದ್ವಿ. ನೀ ಎತ್ತಿದಿ ನೋಡು, ಆಗ ಗೊತ್ತಾತು. ದಿನಾ ಹೋಗಾಕಿ ನೀ, ನಿನಗ ತಿಳಿಯಲಾರದ್ದು ಯಾರಿಗೆ ತಿಳೀತದ?"

ಆಗ ಹೇಳಬೇಕಿತ್ತು. ಒಂದೇ ಒಂದು ಮಾತು. ಬೀಜದ ಜೋಳ ತಪ್ಪಿ ಒಯ್ದಿದ್ದೆ ಎಂದಿದ್ದರೆ ನಾಲ್ಕು ಮಂದಿ ನಗುತ್ತಿದ್ದರು, ನಾಲ್ಕು ದಿನ ಚೇಷ್ಟೆ ಮಾಡುತ್ತಿದ್ದರು, ಮುಗಿಯುತ್ತಿತ್ತು. ಹೇಳಲಿಲ್ಲ. ರೊಟ್ಟಿ ಮಾರುವವಳ ಮನೆಯ ಡಬ್ಬಿಯಲ್ಲಿ ವಿಷ ಹಚ್ಚಿದ ಜೋಳ ಇತ್ತಂತೆ ಎಂದು ಸುದ್ದಿಯಾದರೆ ನನ್ನ ರೊಟ್ಟಿಯನ್ನು ಯಾರು ಮುಟ್ಟುತ್ತಾರೆ? ಅದು ಒಂದು. ಆಕೆ ನನ್ನನ್ನು ಶಾಣ್ಯಾಕಿ ಎಂದು ಹೊಗಳಿದ್ದಳು, ಅದೂ ಒಂದು. ಇನ್ನೊಂದು ಇದೆ, ಅದು ಹೇಳಲಾಗದ್ದು. ಕೆಮ್ಮು ಮೊದಲು ಕೇಳಿತೋ, ಗುಲಾಬಿ ಬಣ್ಣ ಮೊದಲು ಕಂಡಿತೋ... ನನಗೆ ಇವತ್ತಿಗೂ ಖಾತ್ರಿ ಇಲ್ಲ. ಡಬ್ಬಿ ಎತ್ತುವಾಗ ನನ್ನ ಬೆನ್ನು ತಣ್ಣಗಾಗಿತ್ತು. ಅದು ಬೀಜಕ್ಕೆ ಮಾತ್ರ ಎಂದು ಎದೆ ಮುಟ್ಟಿ ಹೇಳಲಾರೆ. ಆ ದಿನ ಹಿಟ್ಟಿಗೆ ಬಸ್ ಸ್ಟ್ಯಾಂಡ್ ಕಡೆಯ ಗಿರಣಿಗೆ ಹೋದೆ.

ಮಧ್ಯಾಹ್ನದ ಹೊತ್ತಿಗೆ ನಳದ ಹತ್ತಿರ ಹೊಸ ಸುದ್ದಿ ಬಂದಿತ್ತು. ಕಾಕಾನ ಮಗಳ ಗಂಡ ಮಿರಜದಿಂದ ಕದ್ದು ಬಂದು ಮಾಳಿಗೆಯ ಮೇಲೆ ಅಡಗಿದ್ದಾನಂತೆ. ಅವನಿಂದಲೇ ಹತ್ತಿದೆಯಂತೆ. ಮಕ್ಕಳೇ ಇಲ್ಲದ ಮನುಷ್ಯನಿಗೆ ಅಳಿಯ! ಇಡೀ ಓಣಿಗೆ ಗೊತ್ತಿದ್ದ ಮಾತು ಅದು. ಆದರೂ ಒಬ್ಬರೂ, ಅಲ್ಲ, ಆತನಿಗೆ ಮಗಳೆಲ್ಲಿದ್ದಾಳೆ ಎನ್ನಲಿಲ್ಲ. ಒಬ್ಬಳು ನೀಲಿ ಅಂಗಿ ತೊಟ್ಟವನನ್ನು ಕಣ್ಣಾರೆ ಕಂಡೆ ಎಂದಳು. ಇನ್ನೊಬ್ಬಳು, ಹೌದು, ಬಹಳ ಸೊರಗಿದ್ದಾನೆ ಎಂದಳು. ನಾನು ಕೊಡ ತುಂಬಿಕೊಳ್ಳುತ್ತ ಕೇಳುತ್ತಿದ್ದೆ. ಒಂದು ಕ್ಷಣ ನನಗೂ ಆ ನೀಲಿ ಅಂಗಿ ಮಾಳಿಗೆಯ ಮೇಲೆ ಕಂಡಂತಾಯಿತು. ಅಷ್ಟು ಅಂಜಿಕೆಯಾಗಿದ್ದು ನನಗೆ ಆ ರೋಗದ ಕಾಲದಲ್ಲಿ ಮತ್ತೆ ಎಂದೂ ಇಲ್ಲ.

ಎರಡನೇ ದಿನ ದವಾಖಾನೆಯ ಗಾಡಿ ಬಂತು. ಯಾರು ಫೋನ್ ಮಾಡಿದರೆಂದು ಯಾರೂ ಕೇಳಲಿಲ್ಲ. ಮೈತುಂಬ ಬಿಳಿ ತೊಟ್ಟ ಇಬ್ಬರು ಇಳಿದರು. ಎಲ್ಲ ಮಾಳಿಗೆಗಳ ಮೇಲೂ ಮಂದಿ. ಕೆಳಗೆ ರಸ್ತೆಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ. ಕಾಕಾ ಒಳಗೆ ಹೋಗಿ ಕಲ್ಲಿನ ಬಾಯಿಗೆ ಗೋಣಿಚೀಲ ಮುಚ್ಚಿ, ಅದರ ಮೇಲೆ ಒಂದು ಇಟ್ಟಿಗೆ ಇಟ್ಟು, ಇಲಿ ಹೋಗದಂತೆ ನೋಡಿಕೋ ಎಂದು ಕಾಕುಗೆ ಹೇಳಿದರು. ಹೊರಗೆ ಬಂದು ತಲೆ ಎತ್ತಿ ನೋಡಿದರು. ಒಂದೊಂದೇ ಮಾಳಿಗೆ. ನಮ್ಮದಕ್ಕೂ ಬಂತು ಕಣ್ಣು.

"ಹಿಟ್ಟಿನ ಕೆಮ್ಮರಿ ಇದು," ಎಂದರು. "ನಿಮಗೆಲ್ಲಾ ಗೊತ್ತೈತಲ್ರಿ..."

ಗೊತ್ತಿತ್ತು. ಗೊತ್ತಿದ್ದವರೆಲ್ಲ ಅಲ್ಲೇ ನಿಂತಿದ್ದೆವು. ಒಬ್ಬರು ಹೂಂ ಎಂದಿದ್ದರೂ ಎಲ್ಲರೂ ಹೂಂ ಎನ್ನುತ್ತಿದ್ದರೇನೋ. ಎಲ್ಲರೂ ಇನ್ನೊಬ್ಬರ ಮುಖ ನೋಡಿದೆವು. ಗಾಡಿ ಹೋಯಿತು.

ಕಾಕುವಿನ ಬಾಗಿಲಿಗೆ ಅಡ್ಡ ಬಿದಿರು ಕಟ್ಟಿದರು. ಹಾಲಿನವನು ಆ ಮನೆ ದಾಟಿ ಹೋಗತೊಡಗಿದ. ಮೂರನೇ ದಿನ ತಡೆಯಲಾರದೆ ನಾಲ್ಕು ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ ಕಾಗದದಲ್ಲಿ ಸುತ್ತಿ, ಮಂದಿ ಊಟ ಮಾಡಿ ಅಡ್ಡಾದ ಹೊತ್ತು ನೋಡಿ ಬಿದಿರಿನ ಹತ್ತಿರ ಇಟ್ಟೆ. ಕಾಕು ಒಳಗಿನಿಂದ ಬಂದಳು. ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟು ಚಲೋ ಇತ್ತು. ಕಾಗದ ಬಿಚ್ಚಿ, ಒಂದು ರೊಟ್ಟಿಯ ಅಂಚು ಮುರಿದು, ಎರಡು ಬೆರಳಿನ ನಡುವೆ ಪುಡಿ ಮಾಡಿ ನೋಡಿದಳು. ಥೇಟ್ ಕಾಕಾನ ಹಾಗೆಯೇ.

"ಇದು ಯಾವ ಗಿರಣಿ ಹಿಟ್ಟವಾ?" ಎಂದಳು.

ಆಕೆ ರೊಟ್ಟಿಯನ್ನು ಮತ್ತೆ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಳು. "ಹದಾ ಬಂದಿಲ್ಲ," ಎಂದಷ್ಟೇ ಹೇಳಿ ಒಳಗೆ ಹೋದಳು.

ಹದಿನಾಲ್ಕು ದಿನಕ್ಕೆ ಕಾಕಾ ಬಂದರು. ರೋಗ ಇರಲಿಲ್ಲ. ಚೀಟಿ ಕೊಟ್ಟಿದ್ದರು, ಅದನ್ನು ಗಿರಣಿಯ ಬಾಗಿಲಿಗೆ ಅನ್ನದ ಅಗುಳಿನಿಂದ ಅಂಟಿಸಿದರು. ಮೊದಲ ಸಲ ತೋರುವುದಿಲ್ಲವಂತೆ, ಆಮೇಲೆ ತೋರುತ್ತದಂತೆ ಎಂದಿತು ಓಣಿ. ಕಾಕಾ ಗಿರಣಿ ತೆಗೆದರು. ದಿನಾ ಬೆಳಗ್ಗೆ ಕೆಮ್ಮು, ಆಮೇಲೆ ಪಟ್ಟಾದ ಸದ್ದು. ಕಾಳು ಬೀಳದೆ ತಿರುಗುವ ಗಿರಣಿಯ ಸದ್ದು ಕೇಳಿದ್ದೀರೇನು? ಅದಕ್ಕೆ ಏರಿಳಿತ ಇರುವುದಿಲ್ಲ. ಮನೆ ಮನೆಯಲ್ಲೂ ಅದು ಕೇಳುತ್ತಿತ್ತು, ಮನೆ ಮನೆಯಲ್ಲೂ ಅದು ಕೇಳಿಸದವರಂತೆ ಇದ್ದೆವು. ಒಂದು ಬೆಳಗ್ಗೆ ನಾನು ಗಟ್ಟಿ ಮನಸ್ಸು ಮಾಡಿ ಡಬ್ಬಿ ಹೊತ್ತು ತಿರುವಿನ ತನಕ ಹೋದೆ. ಮುಂದೆ ಸುಣ್ಣದ ಗೆರೆಗಳು, ಒಂದರಲ್ಲೂ ಯಾರೂ ಇಲ್ಲ. ಒಬ್ಬಳಾದರೂ ನಿಂತಿದ್ದರೆ ಎರಡನೆಯವಳಾಗಿ ನಿಲ್ಲುತ್ತಿದ್ದೆ. ಮೊದಲನೆಯವಳಾಗಿ ಡಬ್ಬಿ ಎತ್ತಲು ಬಂದಿತ್ತು, ಮೊದಲನೆಯವಳಾಗಿ ಇಡಲು ಬರಲಿಲ್ಲ. ವಾಪಸು ಬಂದೆ.

ಒಂಬತ್ತನೇ ಬೆಳಗ್ಗೆ ಸದ್ದು ಬರಲಿಲ್ಲ. ಕೆಮ್ಮೂ ಇಲ್ಲ. ಬಾಗಿಲಿಗೆ ಬೀಗ. ರಾಮದುರ್ಗದ ಕಡೆ ಕಾಕುವಿನ ತವರಿಗೆ ಹೋದರೆಂದು ತಿಳಿಯಿತು. ಮರು ವರ್ಷ ಅಲ್ಲಿಯೇ ಕಾಕಾ ತೀರಿಕೊಂಡರಂತೆ. ಕರೋನಾದಿಂದಲ್ಲ. ಕೆಲಸವಿಲ್ಲದೆ ಕುಳಿತು ಕುಳಿತು ಸಣ್ಣಗಾಗಿ ಹೋದರು ಎಂದು ಹೇಳಿದವರು ಹೇಳಿದರು. ಕೊನೆಗೆ ಕೆಮ್ಮು ಪೂರ್ತಿ ನಿಂತಿತ್ತಂತೆ. ಈ ಸುದ್ದಿ ಬಂದ ದಿನ ಓಣಿಯಲ್ಲಿ ಎಲ್ಲರೂ, ಎಂಥಾ ಮನುಷ್ಯ, ಎಂಥಾ ಕೈ ಎಂದು ಲೊಚಗುಟ್ಟಿದರು. ಯಾರಿಗೂ ಏನೂ ನೆನಪಿದ್ದಂತೆ ಕಾಣಲಿಲ್ಲ. ನಾನೂ ಲೊಚಗುಟ್ಟಿದೆ.

ಗಿರಣಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ನಾನು ಹಿತ್ತಲ ಕೋಣೆಯಲ್ಲಿ ಒಂದು ಸಣ್ಣ ಕರೆಂಟಿನ ಗಿರಣಿ ಹಾಕಿಸಿಕೊಂಡಿದ್ದೇನೆ. ಯಾರ ಪಾಳಿಯೂ ಇಲ್ಲ, ಯಾರ ಗೊಡವೆಯೂ ಇಲ್ಲ. ಕಿಟಕಿ ಇಲ್ಲದ ಕೋಣೆ. ಹಿಟ್ಟು ಗೋಡೆಗೆ, ಜೇಡರ ಬಲೆಗೆ, ನನ್ನ ಹುಬ್ಬಿಗೆ ಕೂರುತ್ತದೆ. ಚಿಟಿಕೆ ಹಿಡಿದು ತಿಕ್ಕಿ ನೋಡುತ್ತೇನೆ. ಹದ ಇನ್ನೂ ಸಿಕ್ಕಿಲ್ಲ. ಸಿಕ್ಕಿದ್ದು ಕೆಮ್ಮು ಮಾತ್ರ. ಹೋದ ವರ್ಷದಿಂದ ಶುರುವಾಗಿದೆ. ಒಣ ಕೆಮ್ಮು, ಬಂದರೆ ಬಿಡದು.

ಈ ವಾರ ಎಲ್ಲರ ಫೋನಿನಲ್ಲಿ ಮತ್ತೆ ಏನೋ ತಿರುಗುತ್ತಿದೆ. ಎಲ್ಲೋ ಯಾವುದೋ ಹೊಸ ಜ್ವರವಂತೆ. ಖರೆಯೋ ಸುಳ್ಳೋ ಯಾರಿಗೂ ಗೊತ್ತಿಲ್ಲ. ನಿನ್ನೆ ರೊಟ್ಟಿಗೆಂದು ನಾಲ್ಕು ಮಂದಿ ಹೆಂಗಸರು ಬಾಗಿಲಿಗೆ ಬಂದಿದ್ದರು. ಕಟ್ಟಿ ಕೊಡುತ್ತಿದ್ದೆ, ಕೆಮ್ಮು ಬಂತು. ಬಾಗಿಲ ಚೌಕಟ್ಟು ಹಿಡಿದು ಬಾಗಿದೆ. ಕಣ್ಣು ಒರೆಸಿಕೊಂಡು ತಲೆ ಎತ್ತಿದರೆ ಮುಂದೆ ನಿಂತಿದ್ದ ಹುಡುಗಿಯ ಕೈ ಚೀಲವನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ಹೊಸ ಬಡಾವಣೆಯ ಮನೆಯೊಂದಕ್ಕೆ ಸೊಸೆಯಾಗಿ ಬಂದವಳು, ಪಾಪ, ಒಳ್ಳೆಯವಳು. "ಇರ್ಲಿ ಬಿಡ್ರಿ ಅಕ್ಕಾ, ನಾಳೆ ಬರತೇನಿ," ಎಂದು ಮೆಟ್ಟಿಲಿಳಿದಳು. ಉಳಿದ ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಹಿಟ್ಟಿನ ಕೆಮ್ಮವಾ ಇದು," ಎಂದೆ. ಆ ಹುಡುಗಿಯ ಬೆನ್ನಿಗೆ ಕೂಗಿದೆ, "ಯಾಕ ತಂಗಿ?"

ಆಕೆ ತಿರುಗಲಿಲ್ಲ. ಬಹುಶಃ ಮನೆಯಲ್ಲಿ ಹಾಲು ಒಲೆಯ ಮೇಲೆ ಇಟ್ಟು ಬಂದಿದ್ದಳೋ, ಏನು ಕೆಲಸ ನೆನಪಾಯಿತೋ. ನನಗೇನು ಗೊತ್ತು? ಉಳಿದವರಿಗೂ ಏನು ಗೊತ್ತು? ಆದರೂ ಮೂವರೂ ಖಾಲಿ ಚೀಲ ಹಿಡಿದುಕೊಂಡು ಅವಳ ಹಿಂದೆಯೇ ಹೋದರು.

ಒಳಗೆ ಬಂದು ಕುಳಿತೆ. ರೊಟ್ಟಿಯ ಗುಡ್ಡೆ ಒಂದು ಕಡೆ, ಸೊಸೆ ಅಟ್ಟದಿಂದ ಇಳಿಸಿದ ಡಬ್ಬಿ ಒಂದು ಕಡೆ. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಚ್ಚಳ ತೆಗೆದೆ. ಆ ವಾಸನೆ ಇತ್ತು. ಆ ಬಣ್ಣ ಇತ್ತು. ಕೇಳುವವರು ಮಾತ್ರ ಇರಲಿಲ್ಲ.

"ಕಾಕಾ," ಎಂದೆ ಜೋರಾಗಿ, ಓಣಿಗೆಲ್ಲ ಕೇಳುವ ಹಾಗೆ, "ತಪ್ಪಿ ಬೀಜದ ಜೋಳ ತಂದೇನ್ರಿ. ನನ್ನ ಪಾಳಿ ಹಿಡೀರಿ, ಡಬ್ಬಿ ಬದಲಿ ಮಾಡ್ಕೊಂಡು ಬರತೇನಿ."

ಇಷ್ಟೇ ಇಷ್ಟು ಮಾತು. ಹೇಳಿ ಮುಗಿಸುವಷ್ಟರಲ್ಲಿ ಮತ್ತೆ ಕೆಮ್ಮು ಬಂತು, ಒಳಗಿನಿಂದ ಸೊಸೆ ಎದ್ದು ಹೋಗಿ ಬೀದಿ ಬಾಗಿಲು ಹಾಕಿದಳು.